ಅರಿಶಿನ ಸುರಿದ ಆ ಗಳಿಗೆ

ಇಷ್ಟು ವರ್ಷ ಕ್ಯಾಮೆರಾ ಹಿಡಿದವರಿಗೆ ಕಣ್ಣಿಗೆ ಕಟ್ಟಿದಂತೆ ಉಳಿಯುವುದು ತೆಗೆದ ಚಿತ್ರವೋ, ಕೈತಪ್ಪಿದ ಚಿತ್ರವೋ ಎಂದು ತಾವು ಕೇಳಿದ್ದೀರಿ. ನನ್ನ ಮಟ್ಟಿಗೆ ಕೈತಪ್ಪಿದ್ದೇ ಹೆಚ್ಚು ಸ್ಪಷ್ಟವಾಗಿ ಉಳಿದಿದೆ.

1981ರ ಫೆಬ್ರುವರಿಯಲ್ಲಿ ಶ್ರವಣಬೆಳಗೊಳದ ಗೊಮ್ಮಟ ಮೂರ್ತಿಗೆ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನಡೆದಾಗ, ವೃತ್ತಿಗೆ ಹೊಸಬನಾಗಿದ್ದ ನಾನು ಎರವಲು ತಂದ ಯಾಶಿಕಾ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ವಿಂಧ್ಯಗಿರಿಯ ಮೆಟ್ಟಿಲುಗಳನ್ನು ಹತ್ತಿದ್ದೆ. ಅದರಲ್ಲಿ 120 ಅಳತೆಯ ಒಂದು ಫಿಲಂ ರೋಲಿಗೆ ದಕ್ಕುತ್ತಿದ್ದುದು ಹನ್ನೆರಡೇ ಚಿತ್ರ. ಎಳನೀರು, ಕಬ್ಬಿನ ಹಾಲು, ಹಾಲು ಎಂದು ಒಂದೊಂದೇ 58 ಅಡಿಯ ಮೂರ್ತಿಯ ನೆತ್ತಿಯಿಂದ ಇಳಿಯುತ್ತಿದ್ದಾಗ ಆಸೆಬುರುಕನಂತೆ ಹನ್ನೆರಡನ್ನೂ ಮುಗಿಸಿಬಿಟ್ಟೆ. ಹೊಸ ರೋಲಿನ ಕಾಗದದ ತುದಿಯನ್ನು ಫಿಲಂ ಸುತ್ತಿಕೊಳ್ಳುವ ಸ್ಪೂಲಿನ ಸೀಳಿಗೆ ತೂರಿಸಲು ಬೆವೆತ ಬೆರಳುಗಳಿಂದ ಹೆಣಗುತ್ತಿರುವಾಗಲೇ ಸುತ್ತಲಿನ ಜಯಘೋಷ ಏರಿತು, ತಲೆಯೆತ್ತಿ ನೋಡಿದರೆ ಮೂರ್ತಿ ಎದೆಯವರೆಗೂ ಅರಿಶಿನದಲ್ಲಿ ಮಿಂದಿತ್ತು. (ಒಳಗಿದ್ದುದು ಕಪ್ಪು-ಬಿಳುಪು ಫಿಲಂ ಆದ್ದರಿಂದ ಆ ಹಳದಿ ಹೇಗೂ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.) ಆ ದಿನದ ಚಿತ್ರಗಳಲ್ಲಿ ನಾನು ಈಗಲೂ ಮೆಚ್ಚುವುದು ಗೊಮ್ಮಟನದ್ದಲ್ಲ, ಹರಿದು ಬರುತ್ತಿದ್ದ ಹಾಲಿಗೆ ಬೊಗಸೆಯೊಡ್ಡಿ, ಕಣ್ಣು ಮುಚ್ಚಿ ನಿಂತಿದ್ದ ಒಬ್ಬ ವೃದ್ಧೆಯದ್ದು.

1993, 2006 ಮತ್ತು 2018ರಲ್ಲಿಯೂ ಹೋಗಿದ್ದೆ. ಕೊನೆಯ ಸಲ ಡಿಜಿಟಲ್ ಕ್ಯಾಮೆರಾದಲ್ಲಿ ಅರಿಶಿನದ ಅಭಿಷೇಕವೊಂದನ್ನೇ ಮುನ್ನೂರಕ್ಕೂ ಹೆಚ್ಚು ಬಾರಿ ಕ್ಲಿಕ್ಕಿಸಿದೆ. ಅವುಗಳಲ್ಲಿ ನಾಲ್ಕೈದು ನಿಜಕ್ಕೂ ಚೆನ್ನಾಗಿವೆ. ಆದರೆ ಆ ರಾತ್ರಿ ಲೆನ್ಸಿನ ಅಂಚಿನಲ್ಲಿ ಕುಳಿತಿದ್ದ ಕಲ್ಕಚೂರ್ಣದ (ಅಭಿಷೇಕಕ್ಕೆ ಸುರಿಯುವ ಅಕ್ಕಿಹಿಟ್ಟಿನ) ಬಿಳಿ ಪುಡಿಯನ್ನು ಕುಂಚದಿಂದ ತೆಗೆಯುತ್ತಿದ್ದಾಗ ನೆನಪಿಗೆ ಬಂದದ್ದು, ಕಾಗದದ ತುದಿ ಒಳಹೋಗಲು ಒಪ್ಪದಿದ್ದ ಆ ಹಳೆಯ ಸ್ಪೂಲಿನ ಸೀಳು.