ಹಳೆಯ ಚೀನೀ ಪಿಂಗಾಣಿ ತಟ್ಟೆಗಳ ಮೇಲೆ ಯುರೋಪಿನ ಮನೆತನಗಳ ಲಾಂಛನ ಹೇಗೆ ಬಂತು?

ಅವೆಲ್ಲ ಆರ್ಡರ್ ಕೊಟ್ಟು ಮಾಡಿಸಿದ ತಟ್ಟೆಗಳು. 18ನೇ ಶತಮಾನದಲ್ಲಿ ಯುರೋಪಿನ ಶ್ರೀಮಂತರು ತಮ್ಮ ಲಾಂಛನದ ಚಿತ್ರವನ್ನು ಹಡಗಿನಲ್ಲಿ ಚೀನಾಕ್ಕೆ ಕಳಿಸುತ್ತಿದ್ದರು. ಊಟದ ಸೆಟ್ ಕೈಸೇರಲು ಎರಡು ವರ್ಷವಾದರೂ ಬೇಕಿತ್ತು. ಯುರೋಪಿನಲ್ಲೂ 1710ರಲ್ಲಿ ಜರ್ಮನಿಯ ಮೈಸನ್ ಪಿಂಗಾಣಿ ಕಾರ್ಖಾನೆ ಶುರುವಾಯಿತು ನಿಜ, ಆದರೆ ಅದರ ಪಿಂಗಾಣಿ ತುಂಬಾ ದುಬಾರಿ.

ಪಾತ್ರೆ ತಯಾರಾಗುತ್ತಿದ್ದದ್ದು ಚೀನಾದ ಒಳನಾಡಿನ ಜಿಂಗ್‌ಡೆಜೆನ್ ಊರಿನಲ್ಲಿ. ನೀಲಿ-ಬಿಳಿ ತಟ್ಟೆಗೆ ಕೋಬಾಲ್ಟ್ ನೀಲಿಯಿಂದ ಚಿತ್ರ ಬರೆದು, ಮೇಲೆ ಮೆರುಗು (ಗಾಜಿನಂಥ ಲೇಪ) ಕೊಟ್ಟು ಅಲ್ಲೇ ಸುಡುತ್ತಿದ್ದರು. ಲಾಂಛನಕ್ಕೆ ಕೆಂಪು, ಹಸಿರು, ಚಿನ್ನ ಎಲ್ಲಾ ಬೇಕಲ್ವಾ? ಅದಕ್ಕೆ ಖಾಲಿ ಬಿಳಿ ತಟ್ಟೆಗಳು ನದಿ, ಬೆಟ್ಟ ದಾಟಿ ಕ್ಯಾಂಟನ್ ಬಂದರಿಗೆ ಬರುತ್ತಿದ್ದವು. ಅಲ್ಲಿನ ಕಲಾವಿದರು ಮೆರುಗಿನ ಮೇಲೆ ಬಣ್ಣ ಹಾಕಿ, ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಸುಡುತ್ತಿದ್ದರು. ಹೀಗಾಗಿ ಈ ಬಣ್ಣ, ಚಿನ್ನದ ಗೆರೆ ಬಳಸಿದಂತೆ ಸವೆಯುತ್ತವೆ. ಮೆರುಗಿನ ಅಡಿಯಲ್ಲಿರುವ ನೀಲಿಗೆ ಏನೂ ಆಗುವುದಿಲ್ಲ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಯುರೋಪಿಗೆ ಮರಳುವ ಹಡಗಿನ ಮುಖ್ಯ ಸರಕು ಚಹಾ. ನೀರು ತಾಗಿದರೂ ಕೆಡದ ಪಿಂಗಾಣಿ ತಳದಲ್ಲಿರುತ್ತಿತ್ತು. 1752ರಲ್ಲಿ ಮುಳುಗಿದ ಡಚ್ ಹಡಗು ಗೆಲ್ಡರ್‌ಮಾಲ್ಸನ್‌ನಿಂದ 1985ರಲ್ಲಿ ಲಕ್ಷಕ್ಕೂ ಜಾಸ್ತಿ ಪಾತ್ರೆಗಳನ್ನು ಮೇಲೆತ್ತಿದರು. ಅವುಗಳಲ್ಲೂ ನೀಲಿ ಉಳಿದಿತ್ತು, ಮೇಲ್ಬಣ್ಣ ಬಹುಪಾಲು ಅಳಿಸಿಹೋಗಿತ್ತು.