ಸೈಕಿಯಾಟ್ರಿಸ್ಟ್ ಹತ್ರ ಮಾತ್ರೆ ವಿಷ್ಯದಲ್ಲಿ ನಾವು ಬಾಯಿ ಬಿಡಬಹುದಾ?

ಮುಂದಿನ ವಾರ ಮೊದಲ ಸಲ ಹೋಗ್ತಿದೀನಿ, ಡಾಕ್ಟ್ರು ಬರೆದಿದ್ದನ್ನ ಸುಮ್ನೆ ನುಂಗಬೇಕಾ ಇಲ್ಲಾ ನಮ್ಮ ಮಾತೂ ನಡಿಯತ್ತಾ ಅಂತ ಕೇಳಿದೀರ. ನಡಿಯತ್ತೆ, ಆದ್ರೆ ತಾನಾಗೇ ನಡಿಯಲ್ಲ. ನಂಗೆ ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಪೂರ್ತಿ ಕುಸಿಯೋ ಕಾಯ್ಲೆ), ಆರು ವರ್ಷದಿಂದ ಅದಕ್ಕೆ ಲಿಥಿಯಂ ಅನ್ನೋ ಮಾತ್ರೆ ತಗೋತಿದೀನಿ, ಅದ್ರಲ್ಲಿ ಮೊದಲ ಎರಡು ವರ್ಷ ಡಾಕ್ಟ್ರ ಮುಂದೆ ನಾನು ಆಡಿದ್ದು ಒಂದೇ ಮಾತು, "ಹ್ಞೂಂ".

ಬನಶಂಕರಿಯಿಂದ ಬೆಳಿಗ್ಗೆ ಆರೂವರೆಗೇ ಬಸ್ ಹತ್ತಿ ಹೋಗಿ, ಓಪಿಡಿ ಚೀಟಿ ಮಾಡ್ಸಿ (ಆಸ್ಪತ್ರೆ ಹೆಸ್ರು ಬೇಡ ಬಿಡಿ), ಮೂರು ಗಂಟೆ ಕಾದು ಒಳಗೆ ಹೋದ್ರೆ ಡಾಕ್ಟ್ರು ನನ್ನ ಕಡೆ ತಿರುಗ್ತಾನೇ ಇರ್ಲಿಲ್ಲ, ನಮ್ಮ ಯಜಮಾನ್ರನ್ನೇ ಕೇಳೋರು, "ನಿದ್ದೆ ಮಾಡ್ತಾರಾ? ಊಟ ಸೇರತ್ತಾ?" ನಾನು ಪಕ್ಕದಲ್ಲೇ ಕೂತಿರ್ತಿದ್ದೆ, ರಿಪೇರಿಗೆ ತಂದಿಟ್ಟ ಮಿಕ್ಸಿ ಥರ. ಆಮೇಲೆ "ಡೋಸ್ ಜಾಸ್ತಿ ಮಾಡೋಣ" ಅನ್ನೋರು. ಈ "ಮಾಡೋಣ" ಇದ್ಯಲ್ಲ, ಕೇಳಕ್ಕೆ ಎಲ್ರೂ ಸೇರಿ ತೀರ್ಮಾನ ಮಾಡ್ದಂಗೇ ಇರತ್ತೆ, ಅಷ್ಟೊತ್ತಿಗೆ ಪೆನ್ನು ಚೀಟಿ ಮೇಲೆ ಓಡ್ತಿರತ್ತೆ. ಅದೇ "ಮಾಡೋಣ್ವಾ?" ಅಂತ ಒಂದು "ವಾ" ಹಾಕಿ ತಲೆ ಎತ್ತಿ ನೋಡಿದ್ರೆ ಕಥೆನೇ ಬೇರೆ. ಹೊರಗೆ ನೂರು ಜನ ಕಾಯ್ತಿರ್ತಾರೆ, ಅವ್ರನ್ನೇ ಪೂರ್ತಿ ದೂರಕ್ಕೂ ಆಗಲ್ಲ.

ನನ್ನ ಹ್ಞೂಂನ ಅವ್ರು ಒಪ್ಪಿಗೆ ಅಂದ್ಕೊಂಡ್ರು, ನಾನು ಹೇಳಿದ್ದು "ಕೇಳಿಸ್ತು" ಅಂತ ಅಷ್ಟೇ. ಮನೆಗೆ ಬಂದು ರಾತ್ರಿ ಒಂದೊಂದು ಮಾತ್ರೆ ಬಿಡಕ್ಕೆ ಶುರು ಮಾಡ್ದೆ. ಯಾಕಂದ್ರೆ ನಾನು ಬ್ಲೌಸ್ ಹೊಲಿಯೋಳು, ಲಿಥಿಯಂಗೆ ಕೈ ನಡುಗಿ ಸೂಜಿಗೆ ದಾರ ಪೋಣ್ಸಕ್ಕೂ ಮಗಳನ್ನ ಕರೀಬೇಕಾಗಿತ್ತು. ಅದನ್ನ ಅವ್ರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಮೂರು ತಿಂಗ್ಳಿಗೆ ಅಡ್ಮಿಟ್ ಆದೆ.

ಆಮೇಲೆ ಸಿಕ್ಕಿದ ಮೇಡಂ ಮೊದ್ಲು ಕೇಳಿದ್ದೇ "ಏನ್ ಕೆಲ್ಸ ಮಾಡ್ತೀರಮ್ಮ?" ಅಂತ. ಕೈ ಚಾಚಿ ತೋರಿಸ್ದೆ. ರಕ್ತದಲ್ಲಿ ಲಿಥಿಯಂ ಲೆವೆಲ್ 0.9 ಇತ್ತು, ಅಂದ್ರೆ ಸ್ವಲ್ಪ ಇಳಿಸಕ್ಕೆ ಜಾಗ ಇತ್ತು (ರಾತ್ರಿ ಮಾತ್ರೆ ತಗೊಂಡು 12 ಗಂಟೆ ಆದ್ಮೇಲೆ ರಕ್ತ ಕೊಡ್ಬೇಕು, ಬೆಳಿಗ್ಗೆದು ನುಂಗಿ ಹೋದ್ರೆ ಲೆಕ್ಕ ತಪ್ಪತ್ತೆ). ಡೋಸ್ ಇಳಿಸ್ಬಹುದು, ನಡುಕಕ್ಕೆ ಪ್ರೊಪ್ರನಲಾಲ್ ಸೇರಿಸ್ಬಹುದು, ಇಲ್ಲಾ ಲಿಥಿಯಂ ಬದ್ಲು ವಾಲ್ಪ್ರೋಯೇಟ್ ಅನ್ನೋ ಮಾತ್ರೆಗೆ ಹೋಗ್ಬಹುದು ಅಂದ್ರು. ಆದ್ರೆ ವಾಲ್ಪ್ರೋಯೇಟ್ ತಗೋತಿರುವಾಗ ಬಸುರಿಯಾದ್ರೆ ಮಗು ಬೆನ್ನುಹುರಿಗೆ, ಬುದ್ಧಿ ಬೆಳವಣಿಗೆಗೆ ತೊಂದ್ರೆ ಆಗೋ ರಿಸ್ಕ್ ಜಾಸ್ತಿ, ಅದಕ್ಕೇ "ಇನ್ನೊಂದು ಮಗು ಯೋಚ್ನೆ ಇದ್ಯಾ?" ಅಂದ್ರು. "ಇದೆ ಮೇಡಂ" ಅಂದ್ರು ಯಜಮಾನ್ರು, "ಇಲ್ಲ ಮೇಡಂ" ಅಂದೆ ನಾನು, ಇಬ್ರೂ ಒಟ್ಟಿಗೇ! ಮೇಡಂ ನಕ್ಕು ಪೆನ್ನು ಕೆಳಗಿಟ್ರು, ಇದನ್ನ ಮನೇಲಿ ಮಾತಾಡ್ಕೊಳ್ಳಿ, ಅಲ್ಲಿವರ್ಗೂ ಆ ಮಾತ್ರೆ ಸುದ್ದಿ ಬೇಡ ಅಂದ್ರು.

ನಾನು ಡೋಸ್ ಇಳಿಸೋದೇ ಇರ್ಲಿ ಅಂದೆ, ಅವ್ರು ಸುಲಭಕ್ಕೆ ಬಿಡ್ಲಿಲ್ಲ, ಮತ್ತೆ ಹೋದ್ಸಲದ ಥರ ಆದ್ರೆ ಅಂತ ಕೇಳಿ ಕೇಳಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದ್ವಿ: 900 ಮಿಲಿಗ್ರಾಂ ಇದ್ದಿದ್ದು 600, ವಾರ ಬಿಟ್ಟು ಮತ್ತೆ ಲೆವೆಲ್ ನೋಡೋದು, ಎರಡು ರಾತ್ರಿ ನಿದ್ದೆ ನಾಲ್ಕು ಗಂಟೆಗಿಂತ ಕಮ್ಮಿ ಆದ್ರೆ ಯಜಮಾನ್ರು ಫೋನ್ ಮಾಡೋದು, ನಾನು ಅದಕ್ಕೆ ಜಗಳ ತೆಗಿಯೋ ಹಂಗಿಲ್ಲ. ಇದು ನನ್ನ ಲೆಕ್ಕ, ಇದನ್ನ ನೋಡ್ಕೊಂಡು ಯಾರೂ ತಾವೇ ಡೋಸ್ ಇಳಿಸ್ಬೇಡಿ.

ಇನ್ನು ನಂಗೆ ಯೋಚ್ನೆ ಮಾಡೋ ಸ್ಥಿತಿನೇ ಇಲ್ದಾಗ? 2017ರ ಮಾನಸಿಕ ಆರೋಗ್ಯ ಕಾಯ್ದೆಲಿ, ನಮಗೆ ಆಗ್ದೇ ಇದ್ದಾಗ ತೀರ್ಮಾನಕ್ಕೆ ನೆರವಾಗೋರು ಯಾರು ಅಂತ ನಾವೇ ಮೊದ್ಲೇ ಹೆಸ್ರು ಕೊಟ್ಟಿರ್ಬಹುದು, ಬಿಳಿ ಹಾಳೆ ಮೇಲೆ ಬರೆದು ಸಹಿ ಹಾಕಿ, ಅವ್ರೂ ಒಪ್ಪಿಗೆ ಬರೆದುಕೊಟ್ರೆ ಆಯ್ತು, ಬೇಕಾದಾಗ ಬದಲಾಯಿಸ್ಲೂಬಹುದು. ನಮ್ಮ ತೀರ್ಮಾನ ಬೇರೆಯವ್ರಿಗೆ ತಪ್ಪು ಅನ್ಸಿದ ಮಾತ್ರಕ್ಕೆ ಇವಳಿಗೆ ತಿಳುವಳಿಕೆ ಇಲ್ಲ ಅನ್ನೋ ಹಂಗೂ ಇಲ್ಲ. ನಾನು ನಮ್ಮಕ್ಕನ ಹೆಸ್ರು ಬರೆದೆ. ಯಜಮಾನ್ರು ಎರಡು ದಿನ ಮಾತು ಬಿಟ್ರು, ಮೂರನೇ ದಿನ ಅವ್ರೇ ಆ ಹಾಳೆ ಜೆರಾಕ್ಸ್ ಮಾಡ್ಸಿ ಫೈಲಿಗೆ ಹಾಕಿದ್ರು.

ನೀವು ಹೋಗುವಾಗ ಯಾವ್ದು ಕೈಬಿಟ್ರೆ ನಿಮ್ಮ ಜೀವ್ನ ನಡಿಯಲ್ವೋ ಆ ಒಂದನ್ನ ಚೀಟಿಲಿ ಬರ್ಕೊಂಡು ಹೋಗಿ, ಕೂತ ತಕ್ಷಣ ಅದನ್ನೇ ಓದಿ, ಬಾಗ್ಲ ಹತ್ರ ಎದ್ದು ನಿಂತ್ಮೇಲೆ ಬೇಡ. "ಮಾಡೋಣ" ಅಂದ್ರೆ "ಮಾಡ್ದೆ ಇದ್ರೆ ಏನಾಗತ್ತೆ ಸಾರ್?" ಅಂತ ಕೇಳಿ. ಮೊದಲ ಸಲ ಕೇಳಿದಾಗ ನಂಗೆ ಗಂಟ್ಲು ಒಣಗಿತ್ತು, ಮೇಡಂ ಮಾತ್ರ ಕುರ್ಚಿ ನನ್ನ ಕಡೆ ತಿರುಗಿಸ್ಕೊಂಡ್ರು.