ಸೊಂಟನೋವಿಗೆ ರೇಟಿಂಗ್ ಕಡಿಮೆ ಬಂದರೆ

ಪ್ರಶ್ನೆ: ನಮ್ಮ ಯಜಮಾನರು ಅಮೆರಿಕದ ಸೇನೆಯಲ್ಲಿದ್ದವರು. ಸೊಂಟನೋವಿಗೆ ಅಲ್ಲಿನ ಮಾಜಿ ಸೈನಿಕರ ಇಲಾಖೆ ಶೇ. 10 ರೇಟಿಂಗ್ (ಪರಿಹಾರಧನಕ್ಕೆ ಆಧಾರವಾಗುವ ಅಂಗವೈಕಲ್ಯದ ಪ್ರಮಾಣ) ಮಾತ್ರ ಕೊಟ್ಟಿದೆ. ಕಾಲಿಗಿಳಿಯುವ ಜೋಮಿನ ಪ್ರಸ್ತಾಪವೇ ಇಲ್ಲ. ಮುಂದೇನು ಮಾಡಬೇಕು?

ಉತ್ತರ: ಮೊದಲು ಇಲಾಖೆಯ ವೈದ್ಯಕೀಯ ತಪಾಸಣೆಯ ವರದಿ ತರಿಸಿಕೊಂಡು, ಅವರು ಎಷ್ಟು ಡಿಗ್ರಿ ಮುಂದಕ್ಕೆ ಬಾಗಿದರು ಎಂದು ಬರೆದಿದೆ ನೋಡಿ. 60ಕ್ಕಿಂತ ಹೆಚ್ಚು, 85ರವರೆಗೆ ಶೇ. 10, 30ಕ್ಕಿಂತ ಹೆಚ್ಚು, 60ರವರೆಗೆ ಶೇ. 20, 30 ಅಥವಾ ಅದಕ್ಕೂ ಕಡಿಮೆಯಾದರೆ ಶೇ. 40. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ: ನೋವು ಕಡಿಮೆಯಿದ್ದ ದಿನ ಅಳತೆ ತೆಗೆದಿರುತ್ತಾರೆ, ಉಲ್ಬಣಿಸಿದಾಗ ಎಷ್ಟು ಬಾಗಬಲ್ಲರೆಂಬ ಅಂದಾಜು ಇರುವುದಿಲ್ಲ. ಅಂದಾಜು ಕೊಡಬೇಕು, ಇಲ್ಲವೇ ಯಾಕೆ ಆಗದೆಂದು ವಿವರಿಸಬೇಕು ಎಂದು ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯದ 2017ರ ಶಾರ್ಪ್ ತೀರ್ಪೇ ಹೇಳಿದೆ.

ವರದಿ ಅಪೂರ್ಣವೆಂದಷ್ಟೇ ವಾದಿಸುವುದಾದರೆ ಮೇಲಧಿಕಾರಿಯಿಂದ ಮರುಪರಿಶೀಲನೆ ಕೋರುವ 20-0996 ಫಾರ್ಮ್ ಸಾಕು. ಅದರಲ್ಲಿ ಹೊಸ ಸಾಕ್ಷ್ಯ ಸೇರಿಸುವಂತಿಲ್ಲ. ಹೊಸ ದಾಖಲೆಯಿದ್ದರೆ ಪೂರಕ ಅರ್ಜಿಯ ಫಾರ್ಮ್ 20-0995. ಈ ಪೂರಕ ಅರ್ಜಿಯ ಜೊತೆಗೆ ನಿಮ್ಮದೂ ಒಂದು ಹೇಳಿಕೆ ಇರಲಿ: ತಿಂಗಳಿಗೆ ಎಷ್ಟು ಸಲ ಉಲ್ಬಣಿಸುತ್ತದೆ, ಎಷ್ಟು ಹೊತ್ತು, ಆಗ ಶೂ ಲೇಸ್ ಕಟ್ಟಲಾಗುತ್ತದೆಯೇ. ‘ತುಂಬಾ ನೋವು’ ಎಂದು ಬರೆದರೆ ಏನೂ ಗಿಟ್ಟದು. ಬೆನ್ನಿನ ನರದಿಂದ ಬಂದ ಜೋಮಿಗೆ ಪ್ರತ್ಯೇಕ ರೇಟಿಂಗ್ ಉಂಟು, ನರಪರೀಕ್ಷೆಯ ವರದಿ ಲಗತ್ತಿಸಿ. ನಿರ್ಧಾರದ ಪತ್ರದ ದಿನಾಂಕದಿಂದ 1 ವರ್ಷದೊಳಗೆ ಸಲ್ಲಿಸದಿದ್ದರೆ ಹಿಂಬಾಕಿ ಕೈತಪ್ಪಬಹುದು.